ಹರಾಜಿನಲ್ಲಿ ಸಣ್ಣವರಿಗೆ ಜಾಗ ಎಲ್ಲಿ?

ಗಾಳಿ, ಬಿಸಿಲಿನ ವಿದ್ಯುತ್ತಿಗೆ ಕೊಡುವ ಸಬ್ಸಿಡಿ ಪೈಪೋಟಿಯನ್ನೇ ಕೆಡಿಸುತ್ತದೆ ಎಂದು ಒಬ್ಬ ಲೇಖಕರು ಬರೆದಿದ್ದಾರೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಜರ್ಮನಿ 2000ರಲ್ಲಿ ಕಾನೂನು ಮಾಡಿ, ಇಂಥ ವಿದ್ಯುತ್ತಿಗೆ 20 ವರ್ಷ ನಿಗದಿತ ದರ ಕೊಡುವುದಾಗಿ ಭರವಸೆ ಕೊಟ್ಟಿತು. ಆ ಧೈರ್ಯದ ಮೇಲೆ ರೈತರು, ಊರಿನ ಸಹಕಾರ ಸಂಘಗಳು ಕೂಡ ವಿದ್ಯುತ್ ಮಾರಲು ಬಂದವು. ಸೋಲಾರ್ ಪ್ಯಾನೆಲ್ ಬೆಲೆ ಇಳಿದದ್ದಕ್ಕೂ ಹೀಗೆ ಹುಟ್ಟಿದ ಬೇಡಿಕೆ ದೊಡ್ಡ ಕಾರಣ. ಮಾರುವವರು ಜಾಸ್ತಿಯಾದರೆ ಅದೇ ಪೈಪೋಟಿ ಅಲ್ವಾ?

ಆಮೇಲೆ ಯುರೋಪಿಯನ್ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ 2014ರ ನಿಯಮಗಳಲ್ಲಿ, 2017ರಿಂದ ಈ ನೆರವನ್ನು ಹರಾಜಿನ ಮೂಲಕವೇ, ಅಂದರೆ ಕಡಿಮೆ ದರ ಕೇಳಿದವರಿಗೇ, ಕೊಡಬೇಕು ಎಂದಿತು. ತೀರಾ ಚಿಕ್ಕ ಯೋಜನೆಗಳಿಗೆ ವಿನಾಯಿತಿ ಇತ್ತು, ನಿಜ. ಹರಾಜಿನಿಂದ ದರ ಇಳಿಯಬಹುದು, ಅದು ಒಳ್ಳೆಯದೇ. ಆದರೆ ಹರಾಜಿಗೆ ಮುಂಚೆಯೇ ಠೇವಣಿ, ಅನುಮತಿ, ಸರ್ವೆ ಅಂತ ಖರ್ಚಾಗುತ್ತದೆ. ಸೋತರೆ ಆ ಖರ್ಚೆಲ್ಲ ಸುಮ್ನೆ ಹೋಯಿತು. ಹತ್ತು ಯೋಜನೆ ಇರುವ ಕಂಪನಿ ಅದನ್ನು ತಡೆದುಕೊಳ್ಳುತ್ತದೆ. ಒಂದೇ ಯೋಜನೆ ಇರುವ ಸಂಘ ಅಲ್ಲಿಗೇ ಮುಗಿಯುತ್ತದೆ.