ಇಬ್ಬರು ಓದೋರು, ಒಂಬತ್ತು ಜನ ನೋಡ್ಕೊಳ್ಳೋರು

ನಮ್ಮ ವಿಶ್ವವಿದ್ಯಾಲಯದಿಂದ ಇಬ್ಬರು ಎಂಎಸ್ಸಿ ಮಕ್ಕಳು ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋಗುವುದು ಅಂತ ಆಯಿತು. ಒಬ್ಬಳು ಹಾವೇರಿ ಕಡೆಯ ಹುಡುಗಿ, ಇನ್ನೊಬ್ಬ ತುಮಕೂರು ಕಡೆಯ ಹುಡುಗ. ಇವರ ಓದಿನ ಮೇಲೆ ನಿಗಾ ಇಡಲು ಒಂಬತ್ತು ಜನರ ಸಮಿತಿ ಮಾಡಿದರು. ಹೆಸರು 'ವಿದೇಶ ವ್ಯಾಸಂಗ ಬೋಧಕರ ಮೇಲ್ವಿಚಾರಣಾ ಸಮಿತಿ'. ಬೋಧಕರ ಸಮಿತಿ ಅಂದಮೇಲೆ ಒಬ್ಬನಾದರೂ ಬೋಧಕ ಇರಲಿ ಅಂತ ಕೊನೇ ಗಳಿಗೆಯಲ್ಲಿ ನನ್ನನ್ನು ಸೇರಿಸಿದರು.

ಉಳಿದ ಎಂಟು ಜನ ಯಾರು ಅಂತೀರಾ? ಇಬ್ಬರು ಸಿಂಡಿಕೇಟ್ ಸದಸ್ಯರು (ಅವರಲ್ಲೊಬ್ಬರು ಅಧ್ಯಕ್ಷರು), ಒಬ್ಬರು ಉಪಕುಲಸಚಿವರು, ಹಣಕಾಸು ಅಧಿಕಾರಿ, ವಿವಿ ಇಂಜಿನಿಯರ್, ಕಾನೂನು ಸಲಹೆಗಾರರು, ಪಿಆರ್‌ಒ. ಎಂಟನೆಯವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಸಭೆಗೂ ಬರುತ್ತಾರೆ, ಗೋಡಂಬಿ ತಟ್ಟೆಯ ಪಕ್ಕ ಕೂರುತ್ತಾರೆ, ಸಹಿ ಮಾಡಿ ಹೋಗುತ್ತಾರೆ. ನನ್ನ ಕೆಲಸ ನಡಾವಳಿ ಬರೆಯುವುದು. ಫಿಸಿಕ್ಸ್ ಪಾಠ ಮಾಡುವವರ ಕೈಬರಹ ಚೆನ್ನಾಗಿರುತ್ತೆ ಅಂತ ಯಾರು ಹೇಳಿದರೋ.

ಮೊದಲ ಸಭೆಯಲ್ಲಿ ನಿಯಮ ಓದಿ ಹೇಳುವ ಜವಾಬ್ದಾರಿಯೂ ನನಗೇ ಬಂತು. 2022ರ ಮೇ ತಿಂಗಳಲ್ಲಿ ಯುಜಿಸಿ ಹೊಸ ನಿಯಮ ತಂದಿದೆ. ನಮ್ಮ ವಿವಿಗೆ ಗುಣಮಟ್ಟ ನೋಡಿ ಅಂಕ ಕೊಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಇರಬೇಕು, ಇಲ್ಲವೇ ದೇಶದ ರ‍್ಯಾಂಕಿಂಗ್‌ನಲ್ಲಿ ಮೊದಲ ನೂರರೊಳಗೆ ಇರಬೇಕು. ಹೊರಗಿನ ವಿವಿ ಜಗತ್ತಿನ ಮೊದಲ ಸಾವಿರದೊಳಗೆ ಇರಬೇಕು. ಟ್ವಿನ್ನಿಂಗ್, ಅಂದರೆ ಸ್ವಲ್ಪ ಇಲ್ಲಿ ಸ್ವಲ್ಪ ಅಲ್ಲಿ ಓದುವುದು ಆದರೆ, ಅಲ್ಲಿ ಗಳಿಸುವ ಕ್ರೆಡಿಟ್ (ಓದಿನ ತೂಕ ಅಳೆಯುವ ಲೆಕ್ಕ) ಒಟ್ಟು ಕ್ರೆಡಿಟ್‌ನ 30 ಪರ್ಸೆಂಟ್ ಮೀರಬಾರದು.

ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವರೆಲ್ಲ ತಲೆ ಎತ್ತಿದರು.

"ಮೂವತ್ತು ಪರ್ಸೆಂಟಾ? ಯಾರಿಗೆ?" ಅಂದರು ಅಧ್ಯಕ್ಷರು.

"ಯಾರಿಗೂ ಅಲ್ಲ ಸರ್. ಕ್ರೆಡಿಟ್."

ಎಲ್ಲರೂ ಮತ್ತೆ ಮೊಬೈಲಿಗೆ ಹೋದರು.

ಎರಡನೇ ಸಭೆ ಬಹಳ ಚುರುಕಾಗಿ ನಡೆಯಿತು. ಮಕ್ಕಳು ಅಕ್ಟೋಬರ್‌ನಲ್ಲಿ ಹೋಗುವವರು. ಅವರು ಹೋಗುವ ಜಾಗ ಹೇಗಿದೆಯೋ ಏನೋ, ಮೊದಲು ಹೋಗಿ ನೋಡಿಕೊಂಡು ಬರುವುದು ಸಮಿತಿಯ ಧರ್ಮ ಅಲ್ವಾ? ಜೂನ್‌ನಲ್ಲಿ 'ಸ್ಥಳ ಪರಿಶೀಲನೆ' ಅಂತ ತೀರ್ಮಾನವಾಯಿತು. ಹೆಣ್ಣುಮಗಳ ಹಾಸ್ಟೆಲ್ ಗೋಡೆ ಗಟ್ಟಿ ಇದೆಯೇ ಅಂತ ನೋಡಲು ಇಂಜಿನಿಯರ್. ಬಾಡಿಗೆ ಕರಾರು ಓದಲು ಕಾನೂನು ಸಲಹೆಗಾರರು. ಫೋಟೋಗೆ ಪಿಆರ್‌ಒ. ಎಂಟನೆಯವರೂ ಹೊರಟರು. ನಾನು ಮಾತ್ರ ಉಳಿದೆ. "ಯಾರಾದ್ರೂ ಪಾಠ ಮಾಡ್ಬೇಕಲ್ಲ ಮೇಷ್ಟ್ರೇ" ಅಂದರು ಅಧ್ಯಕ್ಷರು. ನಿಜ. ನಮ್ಮ ವಿಭಾಗದಲ್ಲಿ ಕಾಯಂ ಅಂತ ಇರೋದು ನಾನು ಮತ್ತು ಗೋಡೆ ಗಡಿಯಾರ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಗಡಿಯಾರಕ್ಕೂ ಶೆಲ್ ಹಾಕಿಲ್ಲ.

ಅದೇ ಸಭೆಯಲ್ಲಿ ಮಕ್ಕಳ ಖರ್ಚಿನ ವಿಷಯ ನಾನೇ ಎತ್ತಿದೆ. ಜರ್ಮನಿಯ ವೀಸಾ ಬೇಕು ಅಂದರೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ದುಡ್ಡು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು. ಹುಡುಗಿಯ ಅಪ್ಪ ಅದಕ್ಕಾಗಿ ಎರಡು ಎಕರೆ ಹೊಲದ ಪಹಣಿ ಹಿಡಿದು ಸೊಸೈಟಿಗೂ ಬ್ಯಾಂಕಿಗೂ ಅಲೆಯುತ್ತಿದ್ದರು. ಹಣಕಾಸು ಅಧಿಕಾರಿ ಕಡತ ಹಿಂದೆ ಮುಂದೆ ತಿರುವಿ ಹೇಳಿದರು: "ವಿದ್ಯಾರ್ಥಿಗಳಿಗೆ ಕೊಡೋಕೆ ಲೆಕ್ಕಶೀರ್ಷಿಕೆ ಇಲ್ಲ." ಸಮಿತಿಯ ವಿಮಾನಕ್ಕೆ ಮಾತ್ರ ಲೆಕ್ಕಶೀರ್ಷಿಕೆ ಇತ್ತು. 'ವಿದ್ಯಾರ್ಥಿ ಕಲ್ಯಾಣ' ಅಂತ ಅದರ ಹೆಸರು.

ಎಂಟು ಜನರ ಒಂಬತ್ತು ದಿನದ ವರದಿ ಬಣ್ಣದ ಹಾಳೆಯಲ್ಲಿ ಬಂತು. ಗೋಡೆ ಗಟ್ಟಿ ಇತ್ತಂತೆ. ಒಂದು ಪುಟದಲ್ಲಿ ಅಲ್ಲಿನ ಕುಲಪತಿಗೆ ಮೈಸೂರು ಪೇಟ ತೊಡಿಸುತ್ತಿರುವ ಫೋಟೋ. ಪೇಟ ಸ್ವಲ್ಪ ದೊಡ್ಡದಾಗಿ ಆ ಮನುಷ್ಯನ ಕನ್ನಡಕದ ಮೇಲೇ ಕೂತಿದೆ. ಇನ್ನು ನಾಲ್ಕು ಪುಟ ಗಡಿಯಾಚೆ ಸ್ವಿಟ್ಜರ್ಲೆಂಡಿನ ರೈನ್ ಜಲಪಾತದ್ದು. ಇಂಜಿನಿಯರ್ ಅದರ ಅಳತೆಯನ್ನೂ ಕೊಟ್ಟಿದ್ದಾರೆ. ಎತ್ತರ 23 ಮೀಟರ್, ಅಗಲ 150 ಮೀಟರ್. "ನಮ್ಮ ಜೋಗದ 253 ಮೀಟರ್ ಮುಂದೆ ಇದು ಏನೇನೂ ಅಲ್ಲವೆಂದು ಸಮಿತಿಯು ಅಭಿಪ್ರಾಯಪಟ್ಟಿತು" ಅಂತ ಷರಾ ಬೇರೆ. ಜೋಗ ನೋಡಲು ಸಾಗರದ ಬಸ್ ಹತ್ತಿದ್ದರೆ ಸಾಕಿತ್ತು, ಆದರೆ ಅದಕ್ಕೆ ಟಿಎ ಡಿಎ ಕಡಿಮೆ.

ಇಷ್ಟೆಲ್ಲ ನಿಗಾ ಇಟ್ಟವರು ಒಂದು ಸಣ್ಣ ವಿಷಯ ಕೇಳಿಕೊಂಡು ಬರಲಿಲ್ಲ. ಅಲ್ಲಿ ಮಾರ್ಕ್ಸ್ ಹೇಗೆ ಕೊಡುತ್ತಾರೆ ಅಂತ.

ಮಕ್ಕಳು ಹೋದರು, ಓದಿದರು, ಬಂದರು. ನಡುವೆ ಇಲ್ಲಿಂದ ಅವರಿಗೆ ಎರಡು ನೋಟಿಸ್ ಹೋಗಿದ್ದವು, ಹಾಜರಾತಿ 75 ಪರ್ಸೆಂಟ್ ಇಲ್ಲ ಅಂತ. ಜರ್ಮನಿಯಲ್ಲಿ ಇದ್ದೇವೆ ಸರ್ ಅಂತ ಹುಡುಗಿ ಇಮೇಲ್ ಮಾಡಿದ್ದಳು. ಹಾಗಾದರೆ ಜರ್ಮನಿಯ ಹಾಜರಾತಿ ಪುಸ್ತಕದ ದೃಢೀಕೃತ ನಕಲು ಕಳಿಸಿ ಅಂತ ಉತ್ತರ ಹೋಯಿತು. ಅವರ ಪ್ರೊಫೆಸರ್‌ಗೆ ಹಾಜರಾತಿ ಪುಸ್ತಕ ಅಂದರೆ ಏನು ಅಂತ ವಿವರಿಸುವುದಕ್ಕೇ ಅವಳಿಗೆ ಎರಡು ದಿನ ಹಿಡಿಯಿತಂತೆ.

ಕಿಟೆಲ್ 1853ರಲ್ಲಿ ಜರ್ಮನಿಯಿಂದ ಮಂಗಳೂರಿಗೆ ಬಂದಾಗ ನಮ್ಮ ಸಮಿತಿ ಇರಲಿಲ್ಲ, ಕನ್ನಡದ ಪುಣ್ಯ. ಇದ್ದಿದ್ದರೆ 70,000 ಶಬ್ದಗಳ ನಿಘಂಟು 1894ರಲ್ಲಿ ಎಲ್ಲಿ ಬರುತ್ತಿತ್ತು? ಅಕಾರಕ್ಕೆ ಎಷ್ಟು ಕ್ರೆಡಿಟ್ ಅಂತ ಕಡತ ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿರುತ್ತಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ನಾವಾಗಿದ್ದರೆ ಹಾಜರಾತಿ ಕೊರತೆಗೆ ಕಂಡೋನೇಶನ್ ಫೀ ಕಟ್ಟಿದ್ದೀರಾ ಅಂತ ಕೇಳುತ್ತಿದ್ದೆವು.

ಸರಿ, ಮಾರ್ಕ್ಸ್ ಕಾರ್ಡಿಗೆ ಬರೋಣ. ಹುಡುಗಿಗೆ ಎಲ್ಲ ವಿಷಯದಲ್ಲೂ 1.3 ಬಂದಿತ್ತು. ಜರ್ಮನಿಯಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು. 4.0ಗೆ ಪಾಸು. 5.0 ಅಂದರೆ ಡುಮ್ಕಿ. ನಮ್ಮಲ್ಲಿ ಉಲ್ಟಾ, 10 ಮೇಲು. ಪರೀಕ್ಷಾ ವಿಭಾಗದ ಕೇಸ್ ವರ್ಕರ್ ಕಂಪ್ಯೂಟರಿನಲ್ಲಿ 1.3 ಅಂತ ಒತ್ತಿದರು. ಪರದೆ ಕೆಂಪಾಯಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಕೆಂಪಾಯಿತು.

"ಸರ್, ನಿಮ್ಮ ಹುಡುಗಿ ಎಲ್ಲದ್ರಲ್ಲೂ ಫೇಲು. ಪಾಪ, ಹೋಮ್‌ಸಿಕ್ ಆಗಿರ್ಬೇಕು" ಅಂದರು. ನಿಜವಾಗಲೂ ಬೇಜಾರಾಗಿಯೇ ಅಂದರು.

ಹುಡುಗನಿಗೆ ಒಂದು ವಿಷಯದಲ್ಲಿ 5.0 ಬಂದಿತ್ತು. ಅವನಿಗೇ ಗೊತ್ತು ತಾನು ಅದರಲ್ಲಿ ಹೋದೆ ಅಂತ. ನಮ್ಮ ಪರದೆ ಹಸಿರಾಯಿತು. ಹತ್ತಕ್ಕೆ ಐದು, ಪಾಸು. ಪಿಆರ್‌ಒ ಅವತ್ತೇ ಪತ್ರಿಕಾ ಪ್ರಕಟಣೆ ಹೊರಡಿಸಿದರು: ಜರ್ಮನಿಯಲ್ಲಿ ತುಮಕೂರು ಯುವಕನ ಸಾಧನೆ. ಹುಡುಗ ಶಾಲು ಹೊದ್ದು ನಿಂತ ಫೋಟೋ ಇದೆ. ಮುಖದಲ್ಲಿ ಭಯ ಎದ್ದು ಕಾಣುತ್ತೆ.

ತುರ್ತು ಸಭೆ ಕರೆಸಿದೆ. ಇದಕ್ಕೆ ಜರ್ಮನ್ನರೇ ಬಳಸುವ ಒಂದು ಲೆಕ್ಕ ಇದೆ ಸರ್, ಬವೇರಿಯನ್ ಸೂತ್ರ ಅಂತಾರೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ನಮ್ಮ ಗರಿಷ್ಠ 10, ಪಾಸಿಗೆ 4 ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಅಲ್ಲಿಯ 1.3 ಅಂದರೆ ಇಲ್ಲಿಯ 9.4. ಐದೇ ಸಾಲು. ಪಿಯುಸಿ ಹುಡುಗರು ಮಾಡುವ ಲೆಕ್ಕ.

ಸಿಂಡಿಕೇಟ್ ಸದಸ್ಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಬವೇರಿಯನ್ ಅಂದ್ರೆ ಯಾವ ವಿವಿ? ಅದರ ನ್ಯಾಕ್ ಗ್ರೇಡ್ ಎಷ್ಟು?"

ಕಾನೂನು ಸಲಹೆಗಾರರು ಇನ್ನೂ ಆಳಕ್ಕೆ ಇಳಿದರು. ವಿದೇಶದವರ ಸೂತ್ರ ನಾವು ಒಪ್ಪಿದರೆ ನಾಳೆ ಯಾರಾದರೂ ಹೈಕೋರ್ಟಿಗೆ ಹೋದರೆ? ಉಪಕುಲಸಚಿವರಿಗೆ ಬೇರೆಯದೇ ಚಿಂತೆ. ಅವಳ ಕಾರ್ಡಿನಲ್ಲಿ 30 ಕ್ರೆಡಿಟ್ ಇದೆ, ನಮ್ಮ ಸೆಮಿಸ್ಟರಿಗೆ ಇರುವುದು 24. "ಆರು ಕ್ರೆಡಿಟ್ ಜಾಸ್ತಿ ತಗೊಂಡಿದ್ದಾಳೆ. ಇದನ್ನ ರಿಕವರಿ ಮಾಡೋದಾ, ಹೇಗೆ?" ಯುರೋಪಿನ ಕ್ರೆಡಿಟ್ ಮಗು ಒಟ್ಟು ಎಷ್ಟು ಗಂಟೆ ದುಡಿಯಿತು ಅನ್ನುವುದರ ಲೆಕ್ಕ, ನಮ್ಮದು ಮೇಷ್ಟ್ರು ಎಷ್ಟು ಗಂಟೆ ಮಾತಾಡಿದರು ಅನ್ನುವುದರ ಲೆಕ್ಕ ಅಂತ ಹೇಳಲು ಹೋದೆ. ಅಷ್ಟರಲ್ಲಿ ಮದ್ದೂರು ವಡೆ ಬಂತು. ಅವರನ್ನು ಅಂದು ಏನು ಪ್ರಯೋಜನ ಬಿಡಿ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಅಂತ ತಂದು, 2024ರಲ್ಲಿ ಮೂರಕ್ಕೆ ವಾಪಸ್ ಬಂದ ರಾಜ್ಯ ನಮ್ಮದು. ಒಂದೇ ಕಾಲೇಜಿನ ಅಣ್ಣ ತಮ್ಮಂದಿರ ಕ್ರೆಡಿಟ್ಟೇ ನಮ್ಮಲ್ಲಿ ತಾಳೆ ಆಗಲ್ಲ.

ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದ ತೀರ್ಮಾನ ಬಂತು. ಹುಡುಗಿ ಅಷ್ಟೂ ವಿಷಯ ಇಲ್ಲಿ ರಿಪೀಟರ್ ಆಗಿ ಬರೆಯಲಿ. ಫೀ ಕಟ್ಟಲಿ. ಸೂತ್ರದ ವಿಷಯ ಪರಿಶೀಲಿಸಿ ಮಂಡಿಸಲಿ.

ಅವಳು ಬರೆದಳು, ಇಲ್ಲಿಯೂ ಚೆನ್ನಾಗಿಯೇ ಮಾಡಿದಳು. ಆದರೆ ಕಾರ್ಡಿನಲ್ಲಿ 'ಎರಡನೇ ಪ್ರಯತ್ನ' ಅಂತ ಅಚ್ಚಾಯಿತು. ಈ ನಡುವೆ ಅದೇ ಜರ್ಮನ್ ಪ್ರೊಫೆಸರ್ ಅವಳನ್ನು ಪಿಎಚ್‌ಡಿಗೆ ಕರೆದರು. ಕಾರ್ಡ್ ನೋಡಿ ಅವರಿಗೆ ಏನೂ ತಿಳಿಯಲಿಲ್ಲ. ನನಗೇ ಇಮೇಲ್ ಬರೆದರು, ನಾನು ಅತ್ಯುತ್ತಮ ಅಂತ ಪಾಸ್ ಮಾಡಿದ ವಿಷಯದಲ್ಲಿ ಇವಳು ನಿಮ್ಮಲ್ಲಿ ಫೇಲ್ ಆಗಿದ್ದು ಯಾವಾಗ ಅಂತ.

ಆ ಇಮೇಲನ್ನು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಎರಡು ಸಲ ಓದಿಸಿ ಕೇಳಿದರು. ಮುಖ ಗಂಭೀರವಾಯಿತು.

"ಇದು ಕಾಗದದಲ್ಲಿ ಬಗೆಹರಿಯೋ ವಿಷಯ ಅಲ್ಲ. ಅಲ್ಲಿಗೇ ಹೋಗಿ ಅವರ ಗ್ರೇಡಿಂಗ್ ಪದ್ಧತಿ ಅಧ್ಯಯನ ಮಾಡ್ಕೊಂಡು ಬರ್ಬೇಕು. ಹತ್ತು ದಿನ ಆದ್ರೂ ಬೇಕು." ಎಂಟನೆಯವರು ಅವತ್ತು ಮೊದಲ ಬಾರಿಗೆ ಬಾಯಿಬಿಟ್ಟರು. "ಅನುಮೋದಿಸುತ್ತೇನೆ" ಅಂದರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಈ ಸಲ ನೀವೂ ಬನ್ನಿ ಮೇಷ್ಟ್ರೇ. ವಿಷಯ ಗೊತ್ತಿರೋರು ಒಬ್ರು ಇರ್ಲಿ. ಪಾಸ್‌ಪೋರ್ಟ್ ಇದೆಯಲ್ಲ?"

ಭಿನ್ನಾಭಿಪ್ರಾಯ ಬರೆಯಬೇಕು ಅಂತ ಮನೆಯಿಂದಲೇ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಆ ಚೀಟಿ ಜೇಬಿನಲ್ಲೇ ಉಳಿಯಿತು. ನಡಾವಳಿಯಲ್ಲಿ 'ಸರ್ವಾನುಮತದಿಂದ' ಅಂತ ಬರೆದವನು ನಾನೇ.

ಮಾರನೇ ದಿನ ಪಾಸ್‌ಪೋರ್ಟಿಗೆ ಎನ್‌ಒಸಿ ಕೇಳಿ ಅರ್ಜಿ ಕೊಟ್ಟೆ. ಟಪಾಲು ಕ್ಲರ್ಕ್ ಠಸ್ಸೆ ಒತ್ತಿ, ಎಡಗಡೆ ಕಟ್ಟಿನ ಮೇಲೆ ಇಟ್ಟರು. ಕೆಳಗೆ ಇದ್ದದ್ದು ಹುಡುಗಿಯ ಕಡತ. ಅವಳ ಹೆಸರಿನ ಕೊನೆಯ ಎರಡಕ್ಷರ ನನ್ನ ಅರ್ಜಿಯ ಅಂಚಿನಿಂದ ಆಚೆ ಕಾಣುತ್ತಿತ್ತು.