ದಣಿದ ಟಿ ಕೋಶಗಳ ಬ್ರೇಕ್ ತೆಗೆಯಬೇಕೆ?

ಪರ

ವೈರಾಣು ದೇಹದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರೆ ಅದರ ಮೇಲೆ ದಾಳಿ ಮಾಡುವ ರೋಗನಿರೋಧಕ ಟಿ ಕೋಶಗಳು ಒಂದೇ ಏಟಿಗೆ ಸೋಲುವುದಿಲ್ಲ; ದಾಳಿಗೆ ಬೇಕಾದ ಸಂಕೇತ ಪ್ರೋಟೀನುಗಳ ತಯಾರಿಯನ್ನು ಒಂದೊಂದಾಗಿ ಬಿಡುತ್ತವೆ. ಮೊದಲು ಇಂಟರ್‌ಲ್ಯೂಕಿನ್-2 ತಯಾರಿ ನಿಲ್ಲುತ್ತದೆ, ಆಮೇಲೆ ಟಿಎನ್‌ಎಫ್, ಎಲ್ಲಕ್ಕಿಂತ ಕೊನೆಗೆ ಇಂಟರ್‌ಫೆರಾನ್ ಗಾಮಾ. ಅಷ್ಟರಲ್ಲಿ ಅವುಗಳ ಮೈತುಂಬ ಪಿಡಿ-1 ಎಂಬ ಪ್ರೋಟೀನು ಮೂಡಿರುತ್ತದೆ. ಎದುರಿನ ಕೋಶದ ಪಿಡಿ-ಎಲ್1 ಅದಕ್ಕೆ ತಗುಲಿಕೊಂಡರೆ ಬ್ರೇಕ್ ಬೀಳುತ್ತದೆ; ವೈರಾಣು ಕಣ್ಣೆದುರಿಗಿದ್ದರೂ ದಾಳಿ ಸಪ್ಪೆಯಾಗುತ್ತದೆ.

ದಣಿವು ಎನ್ನುವ ಈ ಸ್ಥಿತಿ ಖಾಯಂ ಅಲ್ಲ. ಎಲ್‌ಸಿಎಂವಿ ವೈರಾಣುವಿನ ದೀರ್ಘ ಸೋಂಕಿದ್ದ ಇಲಿಗಳಿಗೆ ಈ ಬಂಧ ತಪ್ಪಿಸುವ ಪ್ರತಿಕಾಯ ಕೊಟ್ಟಾಗ ಟಿ ಕೋಶಗಳು ಮತ್ತೆ ಹೆಚ್ಚಿದವು, ವೈರಾಣು ಇಳಿಯಿತು. ಅದು 2006ರ ಮಾತು. ಪಿಡಿ-1 ಪತ್ತೆಹಚ್ಚಿದ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ದಾರಿ ಜೀವ ಉಳಿಸುತ್ತಿದೆ. ಹೆಪಟೈಟಿಸ್ ಬಿ ರೋಗಿಗಳಿಗೇಕೆ ಬೇಡ? ಮಾತ್ರೆಗಳು ಆ ವೈರಾಣುವನ್ನು ಅದುಮಿಡುತ್ತವೆ, ಯಕೃತ್ತಿನ ಕೋಶಕೇಂದ್ರದಲ್ಲಿ ಅಡಗಿದ ಅದರ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಜೀವನಪೂರ್ತಿ ಮಾತ್ರೆ ನುಂಗಿ ಎನ್ನುವುದನ್ನು ಉತ್ತರವೆಂದು ಒಪ್ಪಲಾಗದು.

ವಿರೋಧ

2006ರ ಅದೇ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶವೂ ಇತ್ತು. ಹುಟ್ಟಿನಿಂದಲೇ ಪಿಡಿ-ಎಲ್1 ಇಲ್ಲದ ಇಲಿಗಳಿಗೆ ಅದೇ ವೈರಾಣು ಕೊಟ್ಟಾಗ ಅವು ಕೆಲವೇ ದಿನಗಳಲ್ಲಿ ಸತ್ತವು. ಎಲ್‌ಸಿಎಂವಿ ತಾನಾಗಿ ಕೋಶಗಳನ್ನು ಕೊಲ್ಲುವ ವೈರಾಣುವಲ್ಲ. ಕೊಂದದ್ದು ತಡೆಯಿಲ್ಲದ ರೋಗನಿರೋಧಕ ದಾಳಿ. ಹೆಪಟೈಟಿಸ್ ಬಿ ಕಥೆಯೂ ಬಹುಮಟ್ಟಿಗೆ ಇದೇ: ಯಕೃತ್ತು ಹಾಳಾಗುವುದು ಮುಖ್ಯವಾಗಿ ನಮ್ಮದೇ ಕೋಶಗಳ ಹೊಡೆತಕ್ಕೆ. ಹಾಗಿರುವಾಗ ಈ ದಣಿವನ್ನು ಬರೀ ಸೋಲು ಎನ್ನಲು ನನಗೆ ಮನಸ್ಸಿಲ್ಲ.

2019ರಲ್ಲಿ ಟಾಕ್ಸ್ ಎಂಬ ಪ್ರೋಟೀನಿನ ಪಾತ್ರ ಹೊರಬಿತ್ತು. ಟಿ ಕೋಶಗಳನ್ನು ಈ ಸ್ಥಿತಿಗೆ ತರುವುದು ಅದೇ. ಅದನ್ನು ತೆಗೆದರೆ ಕೋಶಗಳು ಚುರುಕಾಗುತ್ತವೆ, ಆದರೆ ಬಾಳುವುದಿಲ್ಲ. ಅಂದರೆ ಮುಗಿಯದ ಸೋಂಕಿನ ನಡುವೆ ಅವು ಉಳಿದಿರುವುದೇ ಮೆತ್ತಗಾದ್ದರಿಂದ.

ಬ್ರೇಕ್ ತೆಗೆದರೂ ಎಲ್ಲವೂ ಏಳುವುದಿಲ್ಲ. ಟಿಸಿಎಫ್-1 ಎಂಬ ಪ್ರೋಟೀನನ್ನು ಉಳಿಸಿಕೊಂಡ ಸಣ್ಣ ಗುಂಪು ಮಾತ್ರ ವೃದ್ಧಿಯಾಗುತ್ತದೆಂದು 2016ರಲ್ಲಿ ತಿಳಿಯಿತು. ಡಿಎನ್‌ಎ ಸುತ್ತ ದಣಿವಿನಲ್ಲಿ ಬಿದ್ದ, ಜೀನುಗಳನ್ನು ತೆರೆದು ಮುಚ್ಚುವ ಗುರುತುಗಳು ಬಹುತೇಕ ಹಾಗೇ ಇರುತ್ತವೆ. ಹೆಪಟೈಟಿಸ್ ಸಿ ಪೂರ್ತಿ ವಾಸಿಯಾದವರಲ್ಲೂ ಆ ಗುರುತು ಮಾಸಿಲ್ಲ.

ಕ್ಯಾನ್ಸರ್ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಈ ಔಷಧಿಗಳಿಂದ ಕರುಳು, ಶ್ವಾಸಕೋಶ, ಥೈರಾಯ್ಡ್, ಅಪರೂಪಕ್ಕೆ ಹೃದಯವೂ ಉರಿಯೂತಕ್ಕೆ ಸಿಕ್ಕುತ್ತವೆ. ಸಾವು ಎದುರಿಗಿರುವ ರೋಗಿ ಆ ಅಪಾಯ ಹೊರಬಹುದು. ದಿನಕ್ಕೊಂದು ಮಾತ್ರೆಯಲ್ಲಿ ದಶಕಗಟ್ಟಲೆ ಚೆನ್ನಾಗಿ ಬದುಕಬಲ್ಲವರಿಗೆ ಅದನ್ನು ಹೊರಿಸುವ ಮೊದಲು, ಅವರ ಯಕೃತ್ತಿನಲ್ಲಿ ಈ ದಾಳಿಗೆ ಗುರಿಯಾಗುವ ಸೋಂಕಿತ ಕೋಶಗಳು ಎಷ್ಟಿವೆ ಎಂದು ವೈದ್ಯರು ಹೇಳಬಲ್ಲವರಾಗಬೇಕು.