ಮೀನುಗಾರರ ಲಾಭ, ಊಟದವರಿಗೂ ಲಾಭ

ಲಾಭಕ್ಕಾಗಿ ದುಡಿಯುವವರಿಂದ ಸಮಾಜಕ್ಕೆ ಒಳಿತಾಗದು ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಉತ್ತರ ಕೇರಳದ ಬೂತಾಯಿ (ಸಾರ್ಡೀನ್) ಮೀನು ಹಿಡಿಯುವವರನ್ನೇ ನೋಡಿ. ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಸಮುದ್ರಕ್ಕೇ ಸುರಿಯುತ್ತಿದ್ದರು. ಹತ್ತಿರದ ಇನ್ನೊಂದು ದಂಡೆಯಲ್ಲಿ ಕೊಳ್ಳುವವರಿಗೆ ಮೀನೇ ಇಲ್ಲ! 1997ರಿಂದ 2001ರ ನಡುವೆ ಅಲ್ಲಿಗೆ ಮೊಬೈಲ್ ಬಂತು. ದೋಣಿಯಿಂದಲೇ ರೇಟು ಕೇಳಿ, ಜಾಸ್ತಿ ಸಿಗುವ ಕಡೆ ತಿರುಗಿಸತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಲೆಕ್ಕದಂತೆ ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಗ್ರಾಹಕರಿಗೆ ಬೆಲೆ ಸುಮಾರು ಶೇ. 4 ಇಳಿಯಿತು. ಮೀನು ಎಸೆಯುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಯಾರೂ ಪರೋಪಕಾರಕ್ಕೆಂದು ಫೋನ್ ಮಾಡಿರಲಿಲ್ಲ, ಅಲ್ವಾ? ಹಾಗಂತ ಮಾರುಕಟ್ಟೆಯನ್ನು ಸುಮ್ನೆ ಬಿಟ್ಟುಬಿಡಿ ಎನ್ನುತ್ತಿಲ್ಲ. ಸಮುದ್ರದ ಮೀನೇ ಖಾಲಿಯಾಗದಿರಲು ನಿಯಮ ಬೇಕೇ ಬೇಕು. ಕೇರಳದಲ್ಲಿ ಮಳೆಗಾಲಕ್ಕೆ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧಿಸುವುದು ಅದಕ್ಕೇ.